ಆಣಿಕಲ್ಲು ಬಿದ್ದ ಮ್ಯಾಲ ಶಿಂಗಲ್ಸ್ ಛಾವಣಿ: ಇದು ವಯಸ್ಸಿನ ಗುರುತೋ, ಪೆಟ್ಟಿನ ಗುರುತೋ?

ಕೆಲಗೇರಿ ಅಜ್ಜಿಮನಿ · ಧಾರವಾಡ · ಏಪ್ರಿಲ್ 28, ರಾತ್ರಿ 8:40

ಎಲ್ಲಾರಿಗೂ ನಮಸ್ಕಾರ. ನಮ್ಮ ಮನಿ ಕೆಲಗೇರಿ ರಸ್ತೆಕ್ಕ ಅದ. ಹನ್ನೆರಡು ವರ್ಷದ ಹಿಂದ ಮ್ಯಾಲಿನ ಖೋಲಿ ಕಟ್ಟಿಸಿದಾಗ ಮಗ ಹಟಾ ಹಿಡದು ಇಳಿಜಾರು ಛಾವಣಿ ಮಾಡಿಸಿದ. ಕಬ್ಬಿಣದ ಚೌಕಟ್ಟು, ಅದರ ಮ್ಯಾಲ ಪ್ಲೈವುಡ್, ಅದರ ಮ್ಯಾಲ ಡಾಂಬರಿನ ಶಿಂಗಲ್ಸ್, ಅಂದ್ರ ಹಂಚಿನಂಗ ಒಂದರ ಮ್ಯಾಲ ಒಂದು ಹೊದಿಸೋ ತೆಳು ಹಾಳಿ. ಇಲ್ಲೀತನಕಾ ಒಂದು ಹನಿ ಒಳಗ ಬಂದಿರಲಿಲ್ಲ.

ನಿನ್ನೆ ಸಂಜೀಕ ಭರಣಿ ಮಳಿ ಕೂಡಿದ ದಿನಾನ ಆಣಿಕಲ್ಲು ಬಿದ್ದೂ. ಬಹಳಷ್ಟು ಬಾರಿಕಾಯಿಯಷ್ಟು, ನಡುನಡುವ ನೆಲ್ಲಿಕಾಯಿಯಷ್ಟು. ಹತ್ತು ಹನ್ನೆರಡು ನಿಮಿಷ ಕಿವಿ ಕೇಳಿಸಲಿಲ್ಲ. ಇವತ್ತು ಮುಂಜಾನೆ ಒಬ್ಬಾಂವ ತಾನಾಗೇ ಬಂದ. ಓಣ್ಯಾಗಿನ ಮನಿ ಎಲ್ಲಾ ನೋಡ್ಲಿಕ್ಹತ್ತೇನಿ ಅಂದ, ಏಣಿ ಹಚ್ಚಿ ಹತ್ತಿದ, ಹತ್ತು ನಿಮಿಷಕ್ಕ ಇಳದು "ಅಮ್ಮಾರ, ಪೂರಾ ಹೋಗೇದ, ಎಲ್ಲಾ ತಗದು ಹೊಸಾದು ಹಾಕಬೇಕು, ಎರಡೂವರೆ ಲಕ್ಷ, ಸಂಜೀತನಕ ಅಡ್ವಾನ್ಸ್ ಕೊಟ್ರ ಮಿರಗಾ ಕೂಡೋದರಾಗ ಮುಗಿಸ್ತೇನಿ" ಅಂತ ಹೇಳಿದ.

ನನಗ ಕಂಡದ್ದು ಇಷ್ಟು. ಅಂಚಿನ ಪಿವಿಸಿ ಗಟರಿನ್ಯಾಗ ಒಂದು ಬೊಗಸಿ ಕಂದು ಉಸುಕು ಕೂತದ. ಉತ್ತರದ ಕಡೆ ಕರೀ ಪಟ್ಟಿ ಇಳದಾವ. ಪಶ್ಚಿಮದ ಕಡೆ ಗುಂಡಗ ಕಲೆ ಕಾಣಸ್ತಾವ. ಮ್ಯಾಲಿನ ಖೋಲಿಯ ಮೂಲಿಯೊಳಗ ರೊಟ್ಟಿಯಷ್ಟು ಅಗಲ ತೇವ ಬಂದದ. ನಾನು ಕನ್ನಡ ಸಾಲಿಯೊಳಗ ಕಲಿಸಿ ರಿಟೈರ್ ಆದಾಕಿ, ಮಗ ಪುಣೆದಾಗ ಇದ್ದಾನ, ಮನ್ಯಾಗ ನಾನು ಮತ್ತ ಮೊಮ್ಮಗಳು. ತಿಳದವರು ಖರೇ ಹೇಳ್ರಿ. ಇದು ವಯಸ್ಸಾಗಿದ್ದೋ, ಪೆಟ್ಟಾಗಿದ್ದೋ?

ಛಾವಣಿ ಕೆಲಸ ಹುಬ್ಬಳ್ಳಿ · ಏಪ್ರಿಲ್ 28, ರಾತ್ರಿ 9:25

ಅಕ್ಕೋರ, ಮೊದಲ ಮಾತು: ಅಡ್ವಾನ್ಸ್ ಕೊಡಬ್ಯಾಡ್ರಿ. ಹತ್ತು ನಿಮಿಷದಾಗ ಇಡೀ ಛಾವಣಿ ಹೋಗೈತಿ ಅಂತ ಯಾರಿಂದನೂ ಹೇಳಾಕ ಆಗಂಗಿಲ್ಲ. ಈ ಕೆಲಸದಾಗ 18 ವರ್ಷ ಕಳದೇನಿ, ಕೊಡಗಿನ ಕಡೆ ರೆಸಾರ್ಟಿಗೆ ಹೋಗಿ ಶಿಂಗಲ್ಸ್ ಹೊಡೆಯೋದು ಕಲತಾಂವ ನಾನು. ನನಗ ಒಂದು ಇಳಿಜಾರು ನೋಡಾಕ ಅರ್ಧಾ ತಾಸು ಬೇಕು.

ಶಿಂಗಲ್ ಅಂದ್ರ ಏನು ಅನ್ನೋದು ಗೊತ್ತಾದ್ರ ಅರ್ಧಾ ಹೆದರಿಕಿ ಹೊಕ್ಕೈತಿ. ನಡುವ ಗಾಜಿನ ನಾರಿನ ಹಾಸು. ಅದಕ್ಕ ಎರಡೂ ಕಡೆ ಸುಣ್ಣಕಲ್ಲಿನ ಪುಡಿ ಕಲಸಿದ ಡಾಂಬರು. ಮ್ಯಾಲಿನ ಮುಖಕ್ಕ ಬಣ್ಣ ಕೊಟ್ಟು ಸುಟ್ಟ ಕಲ್ಲಿನ ಹರಳು. ನೀರು ತಡಿಯೋದು ಡಾಂಬರು, ಆ ಡಾಂಬರನ್ನ ಬಿಸಲಿನಿಂದ ಕಾಯೋದು ಹರಳು. ನಿಮ್ಮ ಗಟರಿನ್ಯಾಗ ಕುಂತಿದ್ದು ಆ ಹರಳ.

ಹೊಸಾ ಛಾವಣಿಯಿಂದ ಮೊದಲ ಮಳಿಗಾಲದಾಗ ಹರಳು ಬೀಳ್ತಾವ, ಕಾರ್ಖಾನ್ಯಾಗ ಹೆಚ್ಚಿಗೆ ಉದುರಿಸಿರ್ತಾರ. ಆಮ್ಯಾಲ ಬಹಳ ವರ್ಷ ಕಮ್ಮಿ. ಹತ್ತು ಹದಿನೈದು ವರ್ಷದ ಹೊತ್ತಿಗೆ ಮತ್ತ ಉದುರಾಕ ಹತ್ತತಾವ. ಯಾಕಂದ್ರ ಬಿಸಲಿಗೆ ಡಾಂಬರಿನೊಳಗಿನ ಎಣ್ಣಿ ಅಂಶ ವರ್ಷಾ ವರ್ಷಾ ಆರತೈತಿ, ಹರಳು ಹಿಡಿಯೋ ಅಂಟು ಕಡಿಮಿ ಆಕ್ಕೈತಿ. ಆಣಿಕಲ್ಲು ಬಿದ್ದಾಗ ಸಡಲಾದ ಹರಳು ಒಮ್ಮೆಲೇ ಉದುರೋದು ಸಹಜ. ಹನ್ನೆರಡು ವರ್ಷದ ಛಾವಣಿಗೆ ಒಂದು ಬೊಗಸಿ ಅಂದ್ರ ನನಗ ಚಿಂತಿ ಇಲ್ಲ. ಎಲ್ಲಿಂದ ಉದುರೈತಿ ಅನ್ನೋದು ಮುಖ್ಯ. ಇಡೀ ಇಳಿಜಾರಿಂದ ತುಸು ತುಸು ಉದುರಿದ್ರ ವಯಸ್ಸು. ಅಂಗೈಯಷ್ಟು ಜಾಗದಾಗ ಪೂರಾ ಹೋಗಿ ಕರೀ ಡಾಂಬರು ಕಂಡ್ರ ಅಲ್ಲಿ ಏನೋ ಬಡದೈತಿ, ಇಲ್ಲಾ ತಿಕ್ಕೈತಿ. ವಯಸ್ಸು ಇಡೀ ಮೈಗೆ ಬರತೈತಿ, ಪೆಟ್ಟು ಒಂದು ಜಾಗಕ್ಕ ಬೀಳತೈತಿ. ಏಣಿ ಹತ್ತೋ ಮೊದಲ ನಾನು ಇದೊಂದನ್ನ ತಲ್ಯಾಗ ಇಟ್ಕೊಂಡ ಹತ್ತತೇನಿ.

ನೀವು ಹತ್ತಬ್ಯಾಡ್ರಿ. ಮಾಳಗಿ ಮ್ಯಾಲಿಂದ, ಎದರಿನ ಮನಿಯಿಂದ, ಮೊಬೈಲ್ ಝೂಮ್ ಮಾಡಿ ಫೋಟೋ ತಗೀರಿ. ಒಂದೊಂದು ಇಳಿಜಾರಿಂದು ದೂರದಿಂದ ಒಂದು, ಸಮೀಪದಿಂದ ಎರಡು. ಕೈ ನಿಲುಕೋ ಕಡೆ ಕಲೆಯ ಪಕ್ಕ 10 ರೂಪಾಯಿ ನಾಣ್ಯ ಇಡ್ರಿ. ಅದು 27 ಮಿಲಿಮೀಟರ್ ಇರತೈತಿ, ಅಳತಿ ಸಿಗತೈತಿ. ಮ್ಯಾಲ ಪತ್ರಾ, ಪೈಪು, ಸೋಲಾರ್, ಎಸಿ ಏನೇನ ಐತಿ ಅದರ ಫೋಟೋನೂ ಹಾಕ್ರಿ. ಮತ್ತ ಒಳಗಿನ ತೇವದ ಸುತ್ತ ಇವತ್ತ ಪೆನ್ಸಿಲಿಂದ ಗೀಟು ಹಾಕಿ ತಾರೀಕು ಬರೀರಿ.

ನವನಗರ ಎರಡನೇ ಹಂತ · ಹುಬ್ಬಳ್ಳಿ · ಏಪ್ರಿಲ್ 28, ರಾತ್ರಿ 10:50

ಅಮ್ಮ, ನಾನು ಒಂಬತ್ತು ವರ್ಷ ಅಮೆರಿಕದ ಟೆಕ್ಸಸ್‌ನಲ್ಲಿದ್ದು ವಾಪಸ್ ಬಂದವನು. ಅಲ್ಲಿ ಮನೆಗಳಿಗೆ ಹೆಚ್ಚಾಗಿ ಶಿಂಗಲ್ಸೇ, ಆಲಿಕಲ್ಲೂ ಜೋರು. ಮಳೆ ನಿಂತ ಮರುದಿನವೇ ಬಾಗಿಲು ತಟ್ಟುವವರು ಅಲ್ಲಿಯೂ ಬರುತ್ತಾರೆ. ನಮ್ಮ ಮನೆಗೂ ಬಂದಿದ್ದರು. ಆಗ ವಿಮೆಯ ಕಡೆಯಿಂದ ಬಂದ ಹಿರಿಯರೊಬ್ಬರು ಛಾವಣಿಯ ಪ್ರತಿ ಇಳಿಜಾರಿನ ಮೇಲೂ ಸೀಮೆಸುಣ್ಣದಿಂದ ಹತ್ತಡಿ ಉದ್ದ, ಹತ್ತಡಿ ಅಗಲದ ಚೌಕ ಬರೆದು, ಅದರೊಳಗಿನ ಪೆಟ್ಟುಗಳನ್ನು ಒಂದೊಂದಾಗಿ ಎಣಿಸಿದರು. ಪಕ್ಕದಲ್ಲಿ ನಿಂತು ನೋಡಿ ಕಲಿತದ್ದನ್ನು ಹೇಳುತ್ತೇನೆ.

ಆಲಿಕಲ್ಲಿಗೆ ಕ್ರಮ ಇರುವುದಿಲ್ಲ. ಪೆಟ್ಟುಗಳು ಸಾಲಾಗಿ ಬೀಳುವುದಿಲ್ಲ, ಒಂದೇ ಗಾತ್ರವೂ ಇರುವುದಿಲ್ಲ. ಆದರೆ ಗಾಳಿ ಬೀಸಿದ ದಿಕ್ಕಿನ ಒಂದೆರಡು ಇಳಿಜಾರಿನಲ್ಲಿ ಹೆಚ್ಚು, ಆಚೆ ಬದಿಯಲ್ಲಿ ಕಡಿಮೆ. ಬಿದ್ದ ಜಾಗದಲ್ಲಿ ಹರಳು ಒಳಕ್ಕೆ ಒತ್ತಿರುತ್ತದೆ ಅಥವಾ ಹಾರಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಪೆಟ್ಟು ಬಿದ್ದ ಚಿಕ್ಕೂ ಹಣ್ಣಿನಂತೆ ಅಲ್ಲಿ ಮಾತ್ರ ಮೆತ್ತಗೆ ಸಿಗುತ್ತದೆ. ಒಳಗಿನ ಗಾಜಿನ ಹಾಸು ಮುರಿದಿದೆ ಎಂಬುದಕ್ಕೆ ಅದೇ ಸಾಕ್ಷಿ. ಹರಳು ಹಾರಿದ್ದು ಕಣ್ಣಿಗೆ ಕಾಣುತ್ತದೆ, ಹಾಸು ಮುರಿದದ್ದು ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಹೊಸ ಪೆಟ್ಟಿನಲ್ಲಿ ಕಾಣುವ ಡಾಂಬರು ಕಪ್ಪಗೆ ಹೊಳೆಯುತ್ತದೆ. ಹಳೆಯದಾದರೆ ಬೂದು ಬಣ್ಣಕ್ಕೆ ತಿರುಗಿರುತ್ತದೆ.

ಇನ್ನೊಂದು, ಮೆತ್ತನೆಯ ಲೋಹ ಸುಳ್ಳು ಹೇಳುವುದಿಲ್ಲ. ಎಸಿ ಹೊರಘಟಕದ ಅಲ್ಯೂಮಿನಿಯಂ ರೆಕ್ಕೆಗಳು, ಪತ್ರಾದ ಅಂಚು, ಇವುಗಳಲ್ಲಿ ಗುಳಿ ಇಲ್ಲದೆ ಶಿಂಗಲ್ಸ್ ಮೇಲೆ ಮಾತ್ರ ಗುಳಿ ಇದ್ದರೆ ಅದನ್ನು ಮಾಡಿದ್ದು ಆಲಿಕಲ್ಲು ಅಲ್ಲ. ಸುತ್ತಿಗೆಯಿಂದ ಬಡಿದು ಪೆಟ್ಟು ತೋರಿಸುವವರೂ ಇದ್ದಾರೆ. ಸುತ್ತಿಗೆ ಬಿದ್ದ ಕಡೆ ಹರಳು ಪುಡಿಯಾಗಿರುತ್ತದೆ, ಗುರುತುಗಳು ಕೈಗೆ ಎಟಕುವ ಅಂತರದಲ್ಲಿ ಒಂದೇ ಹದದಲ್ಲಿರುತ್ತವೆ. ಇವತ್ತು ಬಂದ ಮನುಷ್ಯ ಹಾಗೆ ಮಾಡಿದ ಎಂದು ನಾನು ಹೇಳುತ್ತಿಲ್ಲ. ನೋಡುವಾಗ ಇದೂ ನೆನಪಿರಲಿ ಎಂದಷ್ಟೇ.

ಬೆಟಗೇರಿ ಮೇಲ್ಮುದ್ದಿ · ಗದಗ · ಏಪ್ರಿಲ್ 29, ಮುಂಜಾನೆ 6:15

ನಮ್ಮದು ಮಣ್ಣಿನ ಮೇಲ್ಮುದ್ದಿ ಮನಿ. ವರ್ಷಾ ಮಳಿಗಾಲಕ್ಕ ಮೊದಲ ಮಾಳಗಿ ಮ್ಯಾಲ ಮಣ್ಣು ಹಾಕಿ ತುಳಿಸ್ತೇವಿ, ಅಲ್ಲಿಗೆ ಮುಗೀತು. ಒಂದು ಕೇಳ್ತೇನ್ರಿ, ಈ ಶಿಂಗಲ್ಸ್ ಥಂಡಿ ದೇಶದ ಮಾಲು. ನಮ್ಮ ಬಿಸಲಿಗೆ ತಾಳತೈತೇನು? ನನ್ನ ಅಳಿಯ ಗದಗದಾಗ ಹಾಕಸ್ಬೇಕು ಅಂತ ಕುಂತಾನ.

ಛಾವಣಿ ಕೆಲಸ ಹುಬ್ಬಳ್ಳಿ · ಏಪ್ರಿಲ್ 29, ಮುಂಜಾನೆ 7:05

ಕಾಕಾ, ತಾಳತೈತಿ, ಆದ್ರ ಪೆಟ್ಟಿಗಿ ಮ್ಯಾಲ ಬರದಷ್ಟು ವರ್ಷ ಅಲ್ಲ. 30 ವರ್ಷ ಅಂತ ಬರದಿದ್ರ ಅದು ವಾರಂಟಿ ಭಾಷಾ. ಬಿಸಿಲಿನ ಊರಾಗ ಅದಕ್ಕಿಂತ ಮೊದಲ ಮುಪ್ಪು ಬರತೈತಿ. ಏಪ್ರಿಲ್ ಮಧ್ಯಾಹ್ನ ಗಾಢ ಬಣ್ಣದ ಶಿಂಗಲ್ ಮೈ 60-70 ಡಿಗ್ರಿ ಸೆಲ್ಸಿಯಸ್ ಮುಟ್ಟತೈತಿ. ಕೆಳಗ ಗಾಳಿ ಆಡಾಕ ಜಾಗಾ ಬಿಡದ ಹೊಡದಿದ್ರ ಕೆಳಗಿಂದನೂ ಕುದೀತೈತಿ, ಹತ್ತ ವರ್ಷಕ್ಕ ಅಂಚು ಎತ್ತತೈತಿ. ಅಳಿಯಗ ಹೇಳ್ರಿ, ಸೂರಿನ ಕೆಳಗ ಗಾಳಿ ಒಳಗ ಬರಾಕ ಸಂದಿ, ನೆತ್ತಿ ಮ್ಯಾಲ ಹೊರಗ ಹೋಗಾಕ ಸಂದಿ, ಎರಡೂ ಬೇಕು. ಇಳಿಜಾರು 12 ಇಂಚಿಗೆ 4 ಇಂಚು ಇದ್ರ ಛಲೋ. 2 ಇಂಚಿಗಿಂತ ಕಡಿಮಿ ಇದ್ರ ಶಿಂಗಲ್ಸ್ ಮಾತು ಬಿಡ್ರಿ.

ಬಿಸಲಿನ ಮಾತು ಬಂತು ಅಂತ ಇದನ್ನೂ ಹೇಳ್ತೇನಿ. ಧಾರವಾಡ, ಗದಗ ಇರೋದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಾಗ. ಮೇ ಶುರುವಿಂದ ಆಗಸ್ಟ್ ನಡುತನಕಾ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕ ವಾಲತಾನ, ಅದರಾಗ ಬಹಳ ದಿನ ಮೋಡ ಇರತೈತಿ. ಉಳಿದ ಎಂಟೂವರಿ ತಿಂಗಳು ತೆಂಕಣಕ್ಕ. ಹಂಗಾಗಿ ನಮ್ಮ ಕಡೆ ದಕ್ಷಿಣ ಮತ್ತ ಪಶ್ಚಿಮದ ಇಳಿಜಾರು ಮೊದಲ ಮುಪ್ಪಾಕ್ಕಾವ, ಉತ್ತರದ್ದು ಕಡೀಕ. ದಕ್ಷಿಣದ್ದು ಮಬ್ಬಾಗಿ ಉತ್ತರದ್ದು ಗಾಢ ಇದ್ರ ಅದು ಸಹಜ ವಯಸ್ಸು. ಉಲ್ಟಾ ಇದ್ರ ಕಾರಣ ಹುಡಕಬೇಕು.

ಕೆಲಗೇರಿ ಅಜ್ಜಿಮನಿ · ಏಪ್ರಿಲ್ 29, ಮಧ್ಯಾಹ್ನ 12:30

ತಮ್ಮಾರ, ಮೊಮ್ಮಗಳು ಎದರಿನವರ ಮಾಳಗಿ ಹತ್ತಿ ಒಂಬತ್ತು ಫೋಟೋ ತಗದಾಳ, ಹಾಕೇನಿ. ಕಂಡದ್ದನ್ನ ಬರೀತೇನಿ, ಯಾಕಂದ್ರ ಫೋಟೋದಾಗ ಬಣ್ಣ ಸರಿ ಬಂದಿಲ್ಲ.

ಎಸಿ ಡಬ್ಬಿಯ ರೆಕ್ಕಿ ಮ್ಯಾಲ ಏಳು ಗುಳಿ ಎಣಿಸಿದ್ವಿ, ಎಲ್ಲಾ ಪಶ್ಚಿಮದ ಮಾರಿಗೆ. ಅಂದ್ರ ಆಣಿಕಲ್ಲು ಆ ಕಡೆಯಿಂದ ಬಂದದ್ದು ಖರೇ. ಪಶ್ಚಿಮದ ಇಳಿಜಾರಿನ ಮ್ಯಾಲ ಎರಡು ಥರದ ಗುರುತು ಅವ. ಒಂದು ಥರ ಸಣ್ಣದು, ಹೆಸರುಕಾಳಿನಿಂದ ಕಡಲಿಕಾಳಿನಷ್ಟು, ಒಂದು ಶಿಂಗಲಿಗೆ ಇಪ್ಪತ್ತು ಮೂವತ್ತು. ಕೆಲವು ಉಬ್ಬಿ ನಿಂತಾವ, ಕೆಲವು ಒಡದು ತೂತಿನಂಗ ಕಾಣಸ್ತಾವ. ಇನ್ನೊಂದು ಥರ ನಾಣ್ಯಕ್ಕಿಂತ ತುಸು ಸಣ್ಣದು, ಅವು ಅಲ್ಲೊಂದು ಇಲ್ಲೊಂದು.

ಉತ್ತರದ ಕರೀ ಪಟ್ಟಿ ಮೂರ್ನಾಲ್ಕು ವರ್ಷದಿಂದ ಅವ. ಒಂದು ವಿಚಿತ್ರ ನೋಡಿದೆ. ಸೋಲಾರ್ ಸ್ಟ್ಯಾಂಡಿನ ಕಾಲು ಎಲ್ಲಿ ಕೂತಾವ, ಅದರ ಕೆಳಗ ಮಾತ್ರ ಪಟ್ಟಿ ಇಲ್ಲ, ಒಂದು ಗೇಣು ಅಗಲ ಸ್ವಚ್ಛ ಕಂದು ಬಣ್ಣ ಉಳದದ. ಸೋಲಾರ್ ಹತ್ತಿರ ಎರಡು ಕಡೆ ಅರ್ಧಚಂದ್ರದಂಗ ಹರಳು ಕಿತ್ತು ಹೋಗ್ಯಾವ.

ಒಳಗಿನ ತೇವ ಸೋಲಾರ್ ಪೈಪು ಇಳಿಯೋ ಮೂಲಿಯೊಳಗ ಅದ. ಪೆನ್ಸಿಲ್ ಗೀಟು ಹಾಕಿ "29-4" ಅಂತ ಬರದೇನಿ.

ಛಾವಣಿ ಕೆಲಸ ಹುಬ್ಬಳ್ಳಿ · ಏಪ್ರಿಲ್ 29, ಸಂಜೆ 6:40

ಅಕ್ಕೋರ, ನೀವು ನೋಡಿದ್ದು ನಮ್ಮ ಹುಡುಗರಿಗೂ ಕಾಣಂಗಿಲ್ಲ. ಒಂದೊಂದ ಹೇಳ್ತೇನಿ.

ಆ ಕಡಲಿಕಾಳಿನ ಗುಳ್ಳಿ ಆಣಿಕಲ್ಲಿಂದಲ್ಲ. ಕಾರ್ಖಾನ್ಯಾಗ ಡಾಂಬರಿನೊಳಗ ಸಿಕ್ಕ ಪಸಿ, ಇಲ್ಲಾ ಆವಿ, ಬಿಸಲಿಗೆ ಉಬ್ಬಿ ಮ್ಯಾಲ ಬರತೈತಿ. ಒಡದ್ರ ಸಣ್ಣ ಕುಣಿ ಉಳೀತೈತಿ, ಅದರ ಅಂಚು ಚೂಪು. ಆಣಿಕಲ್ಲು ಮ್ಯಾಲಿಂದ ಒತ್ತತೈತಿ, ಗುಳ್ಳಿ ಒಳಗಿಂದ ಸಿಡೀತೈತಿ. ಒಂದ ಶಿಂಗಲಿಗೆ ಇಪ್ಪತ್ತು ಮೂವತ್ತು, ಎಲ್ಲಾ ಸಣ್ಣದು ಅಂದ್ರ ಗುಳ್ಳಿನ. ನೋಡಾಕ ಛಂದ ಇಲ್ಲ, ಹರಳು ಹೋದ ಜಾಗ ತುಸು ಬೇಗ ಮುಪ್ಪಾಕ್ಕೈತಿ, ಆದ್ರ ಹಾಸು ಗಟ್ಟಿ ಇರತೈತಿ. ನಿಮ್ಮ ಮನಿಗೆ ಬಂದಾಂವ ಇದನ್ನ ತೋರಿಸೇ "ಪೂರಾ ಹೋಗೈತಿ" ಅಂದಿರಬೇಕು.

ನಾಣ್ಯಕ್ಕಿಂತ ಸಣ್ಣಾವು ಅಲ್ಲೊಂದು ಇಲ್ಲೊಂದು ಅಂದ್ರಿ, ಅವು ಆಣಿಕಲ್ಲಿಂದ ಇರಬೇಕು. ಕಲ್ಲು ಸುಮಾರು 1 ಇಂಚು ದಪ್ಪ ದಾಟಿದ ಮ್ಯಾಲ ಶಿಂಗಲಿಗೆ ಪೆಟ್ಟು ಆಗಾಕ ಶುರು ಆಕ್ಕೈತಿ, ಎರಡು ಪದರಿನ ದಪ್ಪ ಮಾಲಿಗೆ ಅದಕ್ಕಿಂತ ದೊಡ್ಡದ ಬೇಕು. ಬಾರಿಕಾಯಿಗೆ ಏನೂ ಆಗಂಗಿಲ್ಲ, ನೆಲ್ಲಿಕಾಯಿ ಮಾಡತೈತಿ. ಕೈಯಿಂದ ಒತ್ತಿ ನೋಡಬೇಕು, ಆ ಕೆಲಸ ನನಗ ಬಿಡ್ರಿ.

ಕರೀ ಪಟ್ಟಿ ಪಾಚಿ ಜಾತಿದು. ಗ್ಲಿಯೊಕ್ಯಾಪ್ಸಾ ಮ್ಯಾಗ್ಮಾ ಅಂತಾರ. ಡಾಂಬರಿನ್ಯಾಗಿನ ಸುಣ್ಣಕಲ್ಲಿನ ಪುಡಿ ತಿಂದು ಬೆಳೀತೈತಿ, ನೆರಳು ಮತ್ತ ಪಸಿ ಇರೋ ಉತ್ತರದ ಕಡೆ ಹೆಚ್ಚು. ಧಾರವಾಡದ ಮಳಿಗೆ ಬಂದ ಬರತೈತಿ. ಕೊಳಿ ಕಾಣತೈತಿ ಅಷ್ಟ, ಸೋರಂಗಿಲ್ಲ. ಸೋಲಾರ್ ಕಾಲಿನ ಕೆಳಗ ಸ್ವಚ್ಛ ಉಳದಿದ್ದು ಯಾಕಂದ್ರ ಕಬ್ಬಿಣದ ಮ್ಯಾಲಿನ ಸತುವಿನ ಲೇಪ ಮಳಿ ನೀರಿನ ಜೋಡಿ ತುಸು ತುಸು ಕರಗಿ ಹರೀತೈತಿ, ಪಾಚಿಗೆ ಸತು ಆಗಂಗಿಲ್ಲ. ನೆತ್ತಿಗುಂಟ ಸತುವಿನ ಇಲ್ಲಾ ತಾಮ್ರದ ಪಟ್ಟಿ ಬಡದ್ರ ಇಡೀ ಇಳಿಜಾರಿಗೆ ಅದೇ ಉಪಾಯ. ತೊಳಿಯೋದಿದ್ರ ಬ್ಲೀಚ್ ದ್ರಾವಣಕ್ಕ ಸಮಾ ನೀರು ಬೆರಸಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಸಾದಾ ಪೈಪಿನ ನೀರು ಬಿಡ್ರಿ. ಕೆಳಗಿನ ಗಿಡಗಳಿಗೆ ಮೊದಲ ನೀರು ಹಾಕಿ ತೋಯಿಸ್ರಿ. ಕಾರ್ ತೊಳಿಯೋ ಪ್ರೆಷರ್ ಮಷಿನ್ ಮಾತ್ರ ಹಚ್ಚಬ್ಯಾಡ್ರಿ, ಹತ್ತು ವರ್ಷಕ್ಕ ಹೋಗೋ ಹರಳು ಒಂದ ದಿನಕ್ಕ ಹೊಕ್ಕಾವ.

ಅರ್ಧಚಂದ್ರದ ಗುರುತು ನೋಡಿ ನನಗ ಬ್ಯಾಸರ ಆತು. ಅದು ಬೂಟಿನ ಹಿಂಬಡ. ಸೋಲಾರ್ ರಿಪೇರಿಗೆ ಬಂದಾಂವ ಮಧ್ಯಾಹ್ನದ ಬಿಸಲಾಗ ಹತ್ತಿ ತಿರುಗ್ಯಾನ. ಆ ಹೊತ್ತಿನ್ಯಾಗ ಡಾಂಬರು ಬೆಣ್ಣಿ ಆಗಿರತೈತಿ. ಯಾರನ್ನ ಹತ್ತಿಸಿದ್ರೂ ಮುಂಜಾನೆ ಒಂಬತ್ತರೊಳಗ ಹತ್ತಸ್ರಿ, ಮೆತ್ತನ ರಬ್ಬರ್ ತಳದ ಚಪ್ಪಲಿ ಹಾಕ್ಕೊಂಡು.

ತೇವದ್ದು, ಪೈಪಿನ ಮೂಲಿ ಅಂದಕೂಡ್ಲೇ ನನಗ ಅನುಮಾನ ಬಂತು. ರವಿವಾರ ಬರ್ತೇನಿ. ನೋಡಾಕ ರೊಕ್ಕ ಬ್ಯಾಡ.

ವಿದ್ಯಾನಗರ ಸಿವಿಲ್ · ಹುಬ್ಬಳ್ಳಿ · ಏಪ್ರಿಲ್ 29, ರಾತ್ರಿ 9:10

ಇಷ್ಟೆಲ್ಲ ತಲೆನೋವು ಯಾಕೆ? ಇಡೀ ಶಿಂಗಲ್ಸ್ ಮೇಲೆ ಎರಡು ಕೋಟ್ ವಾಟರ್‌ಪ್ರೂಫ್ ಪೇಂಟ್ ಬಳಿದರೆ ಗುಳ್ಳೆ, ಕಲೆ, ಸೋರಿಕೆ ಎಲ್ಲ ಮುಚ್ಚಿಹೋಗುತ್ತದೆ. ಆರ್‌ಸಿಸಿ ಸ್ಲ್ಯಾಬಿಗೆ ನಾವು ಅದನ್ನೇ ಮಾಡುತ್ತೇವೆ.

ನವನಗರ ಎರಡನೇ ಹಂತ · ಏಪ್ರಿಲ್ 29, ರಾತ್ರಿ 9:55

ಸರ್, ಸ್ಲ್ಯಾಬ್ ಒಂದೇ ಹಾಳೆ, ಶಿಂಗಲ್ಸ್ ಮೀನಿನ ಪೊರೆಯ ಹಾಗೆ. ಒಂದರ ಮೇಲೊಂದು ಕೂತು ನೀರನ್ನು ಕೆಳಕ್ಕೆ ಜಾರಿಸಿಬಿಡುತ್ತವೆ. ನಡುವಿನ ಸಂದಿಯಿಂದ ಒಳಗಿನ ಪಸೆ ಹೊರಗೆ ಆರಿಹೋಗಬೇಕು. ಪೇಂಟ್ ಆ ಸಂದಿಗಳನ್ನು ಮುಚ್ಚಿದರೆ ನೀರು ಒಳಗೇ ನಿಂತು ಪ್ಲೈವುಡ್ ಕೊಳೆಯುತ್ತದೆ. ಪೇಂಟ್ ಒಣಗಿ ಕುಗ್ಗುವಾಗ ಶಿಂಗಲಿನ ಅಂಚನ್ನೂ ಎಳೆದು ಮೇಲೆತ್ತುತ್ತದೆ. ಪೆಟ್ಟು ಎಲ್ಲಿತ್ತೆಂಬ ಗುರುತೂ ಅಳಿಸಿಹೋಗುತ್ತದೆ, ಮುಂದೆ ಯಾರು ಬಂದರೂ ಕಾರಣ ಹುಡುಕಲಾರರು.

ವಿದ್ಯಾನಗರ ಸಿವಿಲ್ · ಏಪ್ರಿಲ್ 29, ರಾತ್ರಿ 10:20

ಪಸೆ ಹೊರಗೆ ಹೋಗಬೇಕು ಎಂಬುದನ್ನು ನಾನು ಯೋಚಿಸಿರಲಿಲ್ಲ. ಸಲಹೆ ವಾಪಸ್ ತೆಗೆದುಕೊಳ್ಳುತ್ತೇನೆ. ಅಮ್ಮ, ಪೇಂಟ್ ಬೇಡ.

ಹಾನಗಲ್ಲ ಹಂಚಿನಮನಿ · ಹಾವೇರಿ ಜಿಲ್ಲಾ · ಏಪ್ರಿಲ್ 30, ಮುಂಜಾನೆ 8:20

ನಮ್ಮಲ್ಲಿ ಶಿಂಗಲ್ಸ್ ಇಲ್ಲ, ಆದ್ರ ನಿಮ್ಮ ಮಾತು ಓದಿ ನಮ್ಮಪ್ಪ ಹಂಚು ಆರಿಸೋದು ನೆನಪಾತು. ನಮ್ಮ ಮನ್ಯಾಗ ಮಂಗಳೂರು ಹಂಚು ಮುತ್ತಜ್ಜನ ಕಾಲದ್ದು. ಬಾಸೆಲ್ ಮಿಷನ್‌ನವರು 1865ರಾಗ ಮಂಗಳೂರಾಗ ಹಂಚಿನ ಕಾರ್ಖಾನಿ ಶುರು ಮಾಡಿದ್ರು. ನಮ್ಮ ಕೆಲವು ಹಂಚಿನ ಬೆನ್ನಿಗೆ ಆ ಮಿಷನ್ನಿನ ಛಾಪಾ ಇನ್ನೂ ಓದಾಕ ಬರತೈತಿ.

ಅಪ್ಪ ಪ್ರತಿ ವರ್ಷ ಬ್ಯಾಸಗಿಯೊಳಗ ಹಂಚು ಇಳಿಸಿ, ಒಂದೊಂದನ್ನ ಎಡಗೈ ಬೆರಳ ತುದಿ ಮ್ಯಾಲ ತೂಗಿಸಿ ಹಿಡದು, ಬಲಗೈ ಬೆರಳ ಗಂಟಿನಿಂದ ಕುಟ್ಟತಿದ್ದ. ಗಂಟಿಯಂಗ ಠಣ್ ಅಂದ್ರ ಮರಳಿ ಮ್ಯಾಲ. ಬದ್ದ ಅಂದ್ರ ಕಣ್ಣಿಗೆ ಕಾಣದ ಬಿರುಕು ಐತಿ ಅಂತ ಪಕ್ಕಕ್ಕ. ಮ್ಯಾಲ ಎಷ್ಟ ಕರ್ರಗ ಆಗಿದ್ರೂ, ಹಾವಸಿ ಹಿಡದಿದ್ರೂ ಅದಕ್ಕ ಲಕ್ಷ್ಯ ಕೊಡತಿರಲಿಲ್ಲ. ಮುಖದ ಪದರು ಹಪ್ಪಳದಂಗ ಸುಲೀತಿದ್ರ ಮಾತ್ರ ಉಗುರಿಂದ ಕೆರೆದು ನೋಡತಿದ್ದ. ಅದು ಸರಿಯಾಗಿ ಬೇಯದ ಹಂಚು, ಇಲ್ಲಾ ಉಪ್ಪಿನಂಶ ತಿಂದ ಹಂಚು. ನಮ್ಮ ಹಂಚು ಒಡೆಯೋದು ವಯಸ್ಸಿಗಿಂತ ಮಂಗ್ಯಾನಿಂದ ಹೆಚ್ಚು. ಧಾರವಾಡದಾಗೂ ಮಂಗ್ಯಾನ ಕಾಟ ಕಡಿಮಿ ಇಲ್ಲ, ಅಕ್ಕಾರ, ಶಿಂಗಲ್ಸಿನ ಅಂಚು ಅವು ಎಬಸ್ತಾವೇನು ನೋಡ್ರಿ.

ಬೆಟಗೇರಿ ಮೇಲ್ಮುದ್ದಿ · ಏಪ್ರಿಲ್ 30, ಮುಂಜಾನೆ 9:00

ಹಾನಗಲ್ಲದವರ, ನಿಮ್ಮಪ್ಪ ಕುಟ್ಟಿ ಕೇಳೋದನ್ನ ಓದಿ ಮನಸು ತುಂಬಿ ಬಂತು. ನಮ್ಮವ್ವ ಮಡಕಿ ತಗೊಳ್ಳೋವಾಗ ಹಿಂಗ ಮಾಡತಿದ್ಲು.

ಹುಬ್ಬಳ್ಳಿಯವರ, ಇನ್ನೊಂದ ಪ್ರಶ್ನೆ. ನಮ್ಮ ಕಡೆ ಆಷಾಢದ ಗಾಳಿ ನಿಮಗ ಗೊತ್ತ ಐತಿ, ಕಪ್ಪತಗುಡ್ಡದ ಮ್ಯಾಲ ಗಾಳಿಯಂತ್ರ ಸುಮ್ಮನ ನಿಲ್ಲಿಸಿಲ್ಲ. ಗಾಳಿಗೆ ಎದ್ದದ್ದು ಯಾವುದು, ಮುಪ್ಪಿಗೆ ಎದ್ದದ್ದು ಯಾವುದು ಅಂತ ಹೆಂಗ ತಿಳಿಯೋದು?

ಛಾವಣಿ ಕೆಲಸ ಹುಬ್ಬಳ್ಳಿ · ಏಪ್ರಿಲ್ 30, ರಾತ್ರಿ 8:15

ಭಾಳ ಛಲೋ ಕೇಳಿದ್ರಿ ಕಾಕಾ. ಶಿಂಗಲಿನ ಕೆಳಗ ಅಂಟಿನ ಪಟ್ಟಿ ಇರತೈತಿ. ಬಡದ ಮ್ಯಾಲ ಬಿಸಲಿಗೆ ಕರಗಿ ಮ್ಯಾಲಿಂದು ಕೆಳಗಿಂದಕ್ಕ ಹಿಡಕೋತೈತಿ. ನಮ್ಮ ಕಡೆ ಮಾರ್ಚ್ ಏಪ್ರಿಲದಾಗ ಕೆಲಸ ಮಾಡಿದ್ರ ಬಿಸಿಲಿಗೇನೂ ಕೊರತಿ ಇಲ್ಲ, ಧೂಳಿಂದ ತ್ರಾಸು. ಎರೀ ಮಣ್ಣಿನ ಧೂಳು ಆ ಅಂಟಿನ ಮ್ಯಾಲ ಕುಂತ್ರ ಹಿಡಿಯಂಗಿಲ್ಲ. ಹಿಡೀದ ಶಿಂಗಲ್ಲನ್ನ ಗಾಳಿ ಎತ್ತಿ ಎತ್ತಿ ಬಡೀತೈತಿ, ಮೊಳಿ ಹೊಡದ ಸಾಲಿನ ಹತ್ತಿರ ಅಡ್ಡಕ ಮಡಿಕಿ ಬೀಳತೈತಿ. ನೋಟ್‌ಬುಕ್ ಹಾಳಿ ಮಡಚಿ ಬಿಚ್ಚಿದಂಗ ಒಂದ ನೆಟ್ಟನ ಗೀಟು. ಆ ಗೀಟಿನ್ಯಾಗ ಹರಳು ಹೋಗಿದ್ರ ಅದು ಗಾಳಿ ಪೆಟ್ಟು. ಮತ್ತ ಚಪ್ಪಟಿ ಕುಂತಿದ್ರೂ ಆ ಶಿಂಗಲ್ ಬದಲಿ ಮಾಡಬೇಕು. ಮೂಲಿ, ಅಂಚು, ನೆತ್ತಿ, ಈ ಜಾಗಕ್ಕ ಗಾಳಿ ಮೊದಲ ಹತ್ತತೈತಿ.

ಮುಪ್ಪಿಗೆ ಎದ್ದದ್ದಾದ್ರ ಮಡಿಕಿ ಇರಂಗಿಲ್ಲ. ಇಡೀ ಇಳಿಜಾರಿನ ಶಿಂಗಲ್ಲಿನ ತುದಿ ಒಂದ ಥರ ಸುರುಳಿ ಆಗಿರತಾವ, ಮೈಮ್ಯಾಲ ಬ್ಯಾಸಗಿ ಕೆರಿಯ ತಳದಂಗ ಜಾಲ ಜಾಲ ಬಿರುಕು. ಒಂದ ಒಂದ ಶಿಂಗಲ್ ನಡುವ ಉಬ್ಬಿದ್ರ ಕೆಳಗಿನ ಮೊಳಿ ಎದ್ದಿರತೈತಿ. ನೆಟ್ಟನ ಬಿರುಕು ಸಾಲಾಗಿ ಮ್ಯಾಲಿಂದ ಕೆಳಗ ಇಳದಿದ್ರ ಅಲ್ಲಿ ಪ್ಲೈವುಡ್ ಜೋಡಣಿ ಐತಿ. ಎರಡು ಹಾಳಿ ನಡುವ 3 ಮಿಲಿಮೀಟರ್ ಸಂದಿ ಬಿಡದ ಬಡದ್ರ ಮಳಿಗಾಲದಾಗ ಪ್ಲೈವುಡ್ ಹಿಗ್ಗಿ ಒಂದಕ್ಕೊಂದು ದೂಕತಾವ.

ರಾಣೇಬೆನ್ನೂರ ಓದುಗ · ಮೇ 1, ಮಧ್ಯಾಹ್ನ 1:45

ನಮ್ಮ ಛಾವಣಿ ಹದಿನಾಲ್ಕು ವರ್ಷದ್ದು. ಒಂದೆರಡು ಶಿಂಗಲ್ ಮುರಿದಿವೆ. ಅವಷ್ಟನ್ನೇ ಬದಲಿಸಬಹುದಾ, ಪೂರ್ತಿ ತೆಗೆಸಬೇಕಾ?

ಛಾವಣಿ ಕೆಲಸ ಹುಬ್ಬಳ್ಳಿ · ಮೇ 1, ರಾತ್ರಿ 9:30

ಮುಂಜಾನೆ ತಂಪಿನ್ಯಾಗ, ಮುರಿದ ಶಿಂಗಲಿನ ಮ್ಯಾಲಿಂದನ್ನ ಚಪ್ಪಟಿ ಕಬ್ಬಿಣದ ಪಟ್ಟಿಲೆ ಅಂಟು ಬಿಡಿಸಿ, ಮೆಲ್ಲಗ ಮೊಳಿ ಕೀಳುವಷ್ಟ ಎತ್ತಿ ನೋಡ್ರಿ. ಬಗ್ಗಿ ತಿರುಗಿ ಕುಂತ್ರ ಬಿಡಿ ಬಿಡಿಯಾಗಿ ರಿಪೇರಿ ಆಕ್ಕೈತಿ. ಎತ್ತಿದಕೂಡ್ಲೇ ಖಾರಾ ಚುರುಮುರಿಯಂಗ ಪಟ್ ಅಂತ ಮುರದ್ರ ಆ ಇಳಿಜಾರು ರಿಪೇರಿ ತಡಿಯಂಗಿಲ್ಲ. ಒಂದು ಬದಲಿ ಮಾಡಾಕ ಹೋದ್ರ ಪಕ್ಕದ ನಾಲ್ಕು ಮುರೀತಾವ. ಒಂದ ಕಡೆ ಅಲ್ಲ, ಪ್ರತಿ ಇಳಿಜಾರಿಗೂ ಬ್ಯಾರೆ ಬ್ಯಾರೆ ನೋಡ್ರಿ. ದಕ್ಷಿಣದ್ದು ಹೋಗಿ ಉತ್ತರದ್ದು ಇನ್ನೂ ಐದಾರು ವರ್ಷ ಬರೋದು ನಾನ ಕಂಡೇನಿ.

ಕೆಲಗೇರಿ ಅಜ್ಜಿಮನಿ · ಮೇ 5, ಸಂಜೆ 5:20

ನಿನ್ನೆ ಹುಬ್ಬಳ್ಳಿ ತಮ್ಮಾರು ಹೇಳಿದಂಗ ಬಂದ್ರು, ಮುಂಜಾನೆ ಏಳಕ್ಕ. ಚಹಾ ಸುದ್ದಾ ಇಳದ ಮ್ಯಾಲ ಕುಡದ್ರು.

ಪಶ್ಚಿಮದ ಇಳಿಜಾರಿನ ಮ್ಯಾಲ ಸೀಮಿಸುಣ್ಣದಿಂದ ದೊಡ್ಡ ಚೌಕ ಬರದು, ಒಳಗಿನ ಪ್ರತಿ ಗುರುತನ್ನ ಹೆಬ್ಬೆರಳಿಂದ ಒತ್ತಿದ್ರು. ಕೆಳಗ ನಿಂತ ಮೊಮ್ಮಗಳಿಗೆ "ಗಟ್ಟಿ", "ಗಟ್ಟಿ", "ಮೆತ್ತಗ" ಅಂತ ಒದರಿ ಹೇಳತಿದ್ರು, ಆಕಿ ಪಾಟಿ ಹಿಡಕೊಂಡು ಬರಕೊಳ್ತಿದ್ಲು. ಹದಿನೇಳು ಗುರುತಿನೊಳಗ ಮೂರು ಮೆತ್ತಗ. ಇಡೀ ಪಶ್ಚಿಮದ ಕಡೆ ಸೇರಿ ಎಂಟು. ಉತ್ತರ, ದಕ್ಷಿಣ, ಪೂರ್ವಕ್ಕ ಒಂದೂ ಇಲ್ಲ. ಶಿಂಗಲ್ ಎತ್ತಿ ನೋಡಿದ್ರು, ಮುರೀಲಿಲ್ಲ, ಇನ್ನೂ ಜೀವ ಅದ ಅಂದ್ರು. ಮಂಗ್ಯಾ ಎಲ್ಲೂ ಅಂಚು ಎಬಸಿಲ್ಲ.

ತೇವದ ಕಾರಣ ಆಣಿಕಲ್ಲು ಅಲ್ಲವೇ ಅಲ್ಲ. ಸೋಲಾರ್ ಪೈಪಿನ ಕೊರಳಿಗೆ ಹಾಕಿದ ರಬ್ಬರ್ ಬಳಿ ಬಿಸಲಿಗೆ ಬಿರತು, ಮ್ಯಾಲಿನ ಕಡೆ ಬಾಯಿ ಬಿಟ್ಟಿತ್ತು. ಅದನ್ನ ಬಿಚ್ಚಿ ನನ್ನ ಕೈಯಾಗ ಇಟ್ರು. ಬೆರಳಿಂದ ಹಿಚುಕಿದ್ರ ಒಣಗಿದ ಬೆಲ್ಲದಂಗ ಪುಡಿ ಆತು. ಸೋರೋದು ಬಹಳ ಸಲ ಶಿಂಗಲ್ಲಿಂದ ಅಲ್ಲ, ಪೈಪು, ಗ್ವಾಡಿ, ಎರಡು ಇಳಿಜಾರು ಕೂಡೋ ಸಂದಿ, ಇಲ್ಲಿಂದ ಅಂತ ಹೇಳಿದ್ರು. ಹಿಂದ ಯಾರೋ ಅದರ ಸುತ್ತ ಸಿಮೆಂಟ್ ಮೆತ್ತಿದ್ರು, ಅದೂ ಬಿರಕು ಬಿಟ್ಟಿತ್ತು.

ಮಗ ಮನಿ ಕಟ್ಟಿಸಿದಾಗ ಉಳದ ಒಂದು ಕಟ್ಟು ಶಿಂಗಲ್ಸ್ ಅಟ್ಟದ ಮ್ಯಾಲ ಇತ್ತು. ಆಣಿಕಲ್ಲಿನ ಎಂಟು, ಬೂಟಿನ ಗುರುತಿಂದು ಎರಡು, ಒಟ್ಟು ಹತ್ತು ಬದಲಿ ಮಾಡಿದ್ರು. ಪೈಪಿನ ಕೊರಳಿಗೆ ಹೊಸ ಪತ್ರಾ ಮತ್ತ ರಬ್ಬರ್. ಹೊಸಾವು ಗಾಢ ಕಂದು, ಹಳೇವು ಮಬ್ಬು. ಹನ್ನೆರಡು ವರ್ಷದಾಗ ಬಿಸಿಲು ಎಷ್ಟು ಬಣ್ಣ ತಿಂದದ ಅಂತ ಅವೆರಡನ್ನೂ ಪಕ್ಕಕ್ಕ ನೋಡಿದಾಗ ನನಗ ತಿಳೀತು. ಕೂಲಿ ಮತ್ತ ಸಾಮಾನು ಸೇರಿ ಕೊಟ್ಟದ್ದು ಆರು ಸಾವಿರದ ಎಂಟನೂರು. ದಕ್ಷಿಣದ ಕಡೆ ಇನ್ನ ನಾಲ್ಕೈದು ವರ್ಷಕ್ಕ ಪೂರಾ ತಗೀಬೇಕಾಗಬಹುದು, ಈಗಿಂದ ರೊಕ್ಕ ಕೂಡಿಸ್ರಿ ಅಂತ ಅದನ್ನೂ ಮುಚ್ಚಿಡದ ಹೇಳಿದ್ರು.

ನವನಗರ ಎರಡನೇ ಹಂತ · ಮೇ 5, ರಾತ್ರಿ 8:00

ಓದಿ ಸಮಾಧಾನವಾಯಿತು ಅಮ್ಮ. ಆ ಪಾಟಿಯ ಲೆಕ್ಕವನ್ನು ಫೋಟೋ ತೆಗೆದು ತಾರೀಕಿನೊಂದಿಗೆ ಇಟ್ಟುಕೊಳ್ಳಿ. ಮುಂದಿನ ಸಲ ಆಲಿಕಲ್ಲು ಬಿದ್ದರೆ ಹೊಸ ಗುರುತು ಯಾವುದು, ಹಳೆಯದು ಯಾವುದು ಎಂದು ಅದೇ ಹೇಳುತ್ತದೆ.

ಕೆಲಗೇರಿ ಅಜ್ಜಿಮನಿ · ಜೂನ್ 12, ಮುಂಜಾನೆ 6:50

ಮಿರಗಾ ಕೂಡಿ ನಾಲ್ಕು ದಿನ ಆತು. ಎರಡು ರಾತ್ರಿ ಜೋರು ಮಳಿ, ಪಶ್ಚಿಮದ ಗಾಳಿ. ಈಗಷ್ಟೇ ಬ್ಯಾಟರಿ ಹಿಡಕೊಂಡು ಮ್ಯಾಲಿನ ಖೋಲಿಗೆ ಹೋಗಿ ನೋಡಿ ಬಂದೆ. ತೇವದ ಕಲೆ ಪೆನ್ಸಿಲ್ ಗೀಟಿನ ಒಳಗ ಎರಡು ಬೆರಳಷ್ಟು ಹಿಂದ ಸರದದ, ಮುಟ್ಟಿದ್ರ ಒಣಗೇದ. ಗಟರಿನ್ಯಾಗ ಮತ್ತ ಒಂದು ಹಿಡಿ ಹರಳು ಕೂತದ. ಈ ಸಲ ಅದನ್ನ ತಗದು ಗುಲಾಬಿ ಗಿಡದ ಪಕ್ಕ ಸುರವಿ ಬಂದೆ.